ಸೀಮೆಸುಣ್ಣದ ಶಿಲುಬೆ

ಕಳೆದ ಹ್ಯಾಲೋವೀನ್ ಇರುಳು ಕಾರ್ಕಿನ ನಮ್ಮ ಮನೆಯಲ್ಲಿ ಹಿರಿಮಗಳೊಡನೆ ಕುಳಿತು 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’ವನ್ನು ನೋಡಿದೆವು. ಮುರ್ನಾವ್ ನಿರ್ದೇಶಿಸಿದ ಈ ಚಿತ್ರಕ್ಕೆ ಮೂಲ, ಡಬ್ಲಿನ್ನಿನಲ್ಲಿ ಹುಟ್ಟಿದ ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಕಾದಂಬರಿ. ಅನುಮತಿ ಪಡೆಯದೆ ಹೆಸರುಗಳನ್ನು ಬದಲಿಸಿ ತೆಗೆದುದರಿಂದ ಸ್ಟೋಕರರ ಪತ್ನಿ ಫ್ಲಾರೆನ್ಸ್ ದಾವೆ ಹೂಡಿ ಗೆದ್ದರು. ಪ್ರತಿಗಳನ್ನೆಲ್ಲ ನಾಶಪಡಿಸಬೇಕೆಂದು ಆದೇಶವಾಯಿತು. ಹೇಗೋ ಕೆಲವು ಉಳಿದುಕೊಂಡವು.

ಕಾದಂಬರಿಯಲ್ಲಿ ವೈದ್ಯರದೇ ಮೇಲುಗೈ. ವ್ಯಾನ್ ಹೆಲ್ಸಿಂಗ್ ನಾಲ್ವರು ಗಂಡಸರ ರಕ್ತವನ್ನು ಲೂಸಿಗೆ ಹರಿಸುತ್ತಾನೆ. (ರಕ್ತದ ಗುಂಪುಗಳು ಪತ್ತೆಯಾದುದು 1901ರಲ್ಲಿ. ಆಕೆಯನ್ನು ಕೊಂದುದು ಪಿಶಾಚಿಯೇ ಎಂದು ವೈದ್ಯರಾದ ನಾವು ಪ್ರಮಾಣ ಮಾಡಲಾರೆವು.) ಚಿತ್ರದ ಪಂಡಿತನಾದರೋ ಕೈಲಾಗದವನು. ಅಲ್ಲಿ ಕೌಂಟ್ ಒರ್ಲಾಕ್ ತವರಿನ ಮಣ್ಣು ತುಂಬಿದ ಶವಪೆಟ್ಟಿಗೆಗಳೊಡನೆ, ಇಲಿಗಳೊಡನೆ ಹಡಗಿನಲ್ಲಿ ಬಂದಿಳಿಯುತ್ತಾನೆ, ಬೆನ್ನಿಗೇ ಪ್ಲೇಗು. ಸತ್ತವರ ಬಾಗಿಲಿಗೆ ಸೀಮೆಸುಣ್ಣದ ಶಿಲುಬೆ ಬೀಳುತ್ತದೆ. ದಿಕ್ಕೆಟ್ಟ ಜನ ಮನೆಯ ದಲ್ಲಾಳಿಯೊಬ್ಬನನ್ನು ಹಿಡಿದು ಕಲ್ಲೆಸೆದು ಅಟ್ಟುತ್ತಾರೆ.

ಆ ಶಿಲುಬೆ ಕಂಡೊಡನೆ ನಮಗೆ ನೆನಪಾದುದು ತೊಂಬತ್ತರ ದಶಕದ ನಮ್ಮ ಬೀದಿ. ಬಾಗಿಲು ತಟ್ಟುವ ಪಿಶಾಚಿಯ ವದಂತಿಗೆ ಹೆದರಿ ಮನೆಮನೆಗೂ ‘ನಾಳೆ ಬಾ’ ಎಂದು ಬರೆದಿದ್ದೆವು. ಆ ವಾರ ಒಬ್ಬ ಅಪರಿಚಿತ ಭಿಕ್ಷುಕಿ ಬೀದಿಯುದ್ದಕ್ಕೂ ಕೂಗುತ್ತ ಹೋದಳು. ಯಾರೂ ಬಾಗಿಲು ತೆರೆಯಲಿಲ್ಲ, ನಾವೂ ತೆರೆಯಲಿಲ್ಲ.

ಸ್ಟೋಕರರ ತಾಯಿ ಶಾರ್ಲೆಟ್ 1832ರಲ್ಲಿ ಸ್ಲೈಗೋ ಪಟ್ಟಣದ ಕಾಲರಾವನ್ನು ಕಣ್ಣಾರೆ ಕಂಡವರು. ಅದೇ ವರ್ಷ ಕಾರ್ಕಿಗೂ ಆ ಮಾರಿ ಬಂದಿತ್ತು. ಮಗನ ಕೋರಿಕೆಯಂತೆ ಅವರು ಬರೆದಿಟ್ಟ ನೆನಪುಗಳಲ್ಲಿ, ದಾರಿಯಲ್ಲಿ ಕಾಯಿಲೆ ಬಿದ್ದ ಪ್ರಯಾಣಿಕನನ್ನು ಜನ ಉದ್ದನೆಯ ಕೋಲುಗಳಿಂದ ಗುಂಡಿಗೆ ತಳ್ಳಿ ಜೀವಂತ ಹೂತ ಪ್ರಸಂಗವಿದೆ. ಪ್ಲೇಗನ್ನು ತಂದ ಮುರ್ನಾವ್, ಅರಿತೋ ಅರಿಯದೆಯೋ, ಕಥೆಯನ್ನು ಅದರ ಬೇರಿಗೇ ಒಯ್ದಿದ್ದಾರೆ ಎಂದು ನಮಗನ್ನಿಸುತ್ತದೆ.

ಆದರೆ ಒಂದು ದೂರು ನಮ್ಮದು. ಚಿತ್ರದಲ್ಲಿ ಪರದೇಶದವನೂ ರೋಗವೂ ಒಂದೇ ಆಗಿಬಿಡುತ್ತಾರೆ. 2020ರಲ್ಲಿ ಆಸ್ಪತ್ರೆಯ ಪಾಳಿ ಮುಗಿಸಿ ಬಸ್ಸೇರಿದಾಗ ಪಕ್ಕದವರು ನಮ್ಮ ಮುಖ ನೋಡಿ ಎದ್ದು ಹಿಂದಿನ ಸೀಟಿಗೆ ಹೋಗಿದ್ದರು; ಒರ್ಲಾಕನ ನೆರಳು ಮೆಟ್ಟಿಲೇರುವಾಗ ಅದೇ ನೆನಪಾಯಿತು. ಸ್ಟೋಕರರ ಡ್ರಾಕುಲಾನಿಗಾದರೂ ಒಂದು ಮಾತುಂಟು: ಲಂಡನ್ನಿನಲ್ಲಿ ತನ್ನ ಉಚ್ಚಾರಣೆ ಕೇಳಿ ಯಾರೂ ಪರಕೀಯನೆಂದು ಗುರುತಿಸಬಾರದೆಂದು ಅವನು ಇಂಗ್ಲಿಷನ್ನು ಅಭ್ಯಾಸ ಮಾಡುತ್ತಾನೆ. ಇಲ್ಲಿಗೆ ಬಂದ ಹೊಸತರಲ್ಲಿ ನಾವೂ ಕಾರ್ಕಿನ ರಾಗವನ್ನು ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿದ್ದುಂಟು. ಮಗಳಿಗೆ ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ನಕ್ಕಳು.