ಘಾಟಿಯ ಮೇಲೊಬ್ಬ, ಕೆಳಗಿಬ್ಬರು

ಪೆರ್ಡೂರು ಪೇಟೆಯಿಂದ ಪೂರ್ವಕ್ಕೆ ಹೊರಟರೆ ರಸ್ತೆ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಹತ್ತುತ್ತದೆ. ಹಾಗೇ ತೀರ್ಥಹಳ್ಳಿ, ಶಿವಮೊಗ್ಗ ಅಂತ ಹೋದರೆ ಭದ್ರಾವತಿ, ಗುಂಡಪ್ಪ ವಿಶ್ವನಾಥ್ ಹುಟ್ಟಿದ ಊರು. ಪಶ್ಚಿಮಕ್ಕೆ ಹಿರಿಯಡಕ, ಉಡುಪಿಗೆ ಇಳಿದು ತೆಂಕಣ ಬಸ್ಸು ಹಿಡಿದರೆ ಬುಧಿ ಕುಂದರನ್ ಹುಟ್ಟಿದ ಮೂಲ್ಕಿ, ಆಮೇಲೆ ಕೆ.ಎಲ್. ರಾಹುಲ್ ಬೆಳೆದ ಸುರತ್ಕಲ್. ನಡುವೆ ಕೂತ ನಮಗೆ ಬ್ಯಾಟ್ಸ್‌ಮನ್‌ಗಳ ಬಗ್ಗೆ ತೀರ್ಪು ಕೊಡುವ ಹಕ್ಕು ತುಸು ಹೆಚ್ಚೇ ಇದೆ ಎಂಬ ಭಾವನೆ.

ಯಕ್ಷಗಾನ ಮೇಳದ ಊರು ಇದು. ವೇಷಧಾರಿ ಎಷ್ಟು ತಿರುಗಾಟ ಮಾಡಿದ ಎಂದು ಇಲ್ಲಿ ಯಾರೂ ಎಣಿಸುವುದಿಲ್ಲ. ರಥದ ಚಕ್ರ ಹೂತ ಮೇಲೆ ಅವನ ಕರ್ಣ ಹೇಗಿದ್ದ, ಅಷ್ಟೇ ಮಾತು. ಕ್ರಿಕೆಟಿಗೂ ಅದೇ ಲೆಕ್ಕ. ವಿಶ್ವನಾಥ್ 91 ಟೆಸ್ಟ್‌ಗಳಲ್ಲಿ 14 ಶತಕ ಹೊಡೆದರು, ಅದರಲ್ಲಿ ಒಂದರಲ್ಲೂ ಭಾರತ ಸೋತಿಲ್ಲ. ಆದರೂ ನಮ್ಮ ಹಿರಿಯರು ಎತ್ತುವುದು ಶತಕವಾಗದ ಆಟವನ್ನೇ. 1975ರ ಜನವರಿ, ಚೆಪಾಕ್. ಆ್ಯಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತ ದಿನ ಭಾರತದ ಮೊತ್ತ 190, ಅದರಲ್ಲಿ ವಿಶ್ವನಾಥ್ ಔಟಾಗದೆ 97. ಮೂರು ರನ್ ಬಾಕಿ ಇರುವಾಗ ಚಂದ್ರಶೇಖರ್ ಔಟ್. ಅವರೂ ನಮ್ಮವರೇ, ಬೈಯುವಂತಿಲ್ಲ!

ವಿಶಿಯ ಸ್ಕ್ವೇರ್ ಕಟ್ ನಮಗೆ ಪವಾಡವೇ ಆಗಿತ್ತು. ಕೊಯ್ಲು ಮುಗಿದ ಬೆಟ್ಟುಗದ್ದೆಯಲ್ಲಿ ಕೂಳೆ ತುಳಿದು ಪಿಚ್ ಮಾಡಿ, ಕೊತ್ತಳಿಗೆಯ ಬ್ಯಾಟಿನಲ್ಲಿ ಆಡಿದವರು ನಾವು. ಟೆನಿಸ್ ಬಾಲು ಹೆಂಟೆಗೆ ತಾಗಿದರೆ ಎದೆಗೇ ಬರುತ್ತಿತ್ತು. ಆಫ್ ಬದಿಗೆ ಅಡಿಕೆ ತೋಟ; ಅಲ್ಲಿಗೆ ಹೊಡೆದವನು ಔಟ್, ಬಾಲು ತರುವವನೂ ಅವನೇ, ತೋಟದವರ ಬೈಗುಳ ತಿನ್ನುವವನೂ ಅವನೇ. ಹಾಗಾಗಿ ಎಲ್ಲರದ್ದೂ ಒಂದೇ ಹೊಡೆತ, ಕಣ್ಣು ಮುಚ್ಚಿ ಲೆಗ್ಗಿಗೆ, ಹುಣಿಯ ಆಚೆ. ದ್ರಾವಿಡ್ ಬಂದ ಮೇಲೆ ಇನ್ನೊಂದು ವಿಸ್ಮಯ: ಬಾಲನ್ನು ಹೊಡೆಯದೆ ಬಿಡುವುದು. ನಮ್ಮ ಗದ್ದೆಯಲ್ಲಿ ಹಾಗೆ ಬಿಟ್ಟರೆ ಮರುದಿನ ಆಟಕ್ಕೇ ಸೇರಿಸುತ್ತಿರಲಿಲ್ಲ. ಟೆಸ್ಟ್‌ನಲ್ಲಿ ಆತ ಎದುರಿಸಿದ್ದು 31,258 ಎಸೆತ, ಅಷ್ಟು ಇನ್ಯಾರೂ ಎದುರಿಸಿಲ್ಲ. 2003ರ ಅಡಿಲೇಡ್ ಟೆಸ್ಟ್‌ನಲ್ಲಿ 233, ಮತ್ತೆ ಔಟಾಗದೆ 72. ಗೆಲುವಿನ ರನ್ ಹೊಡೆದದ್ದೂ ಅವರೇ.

ನನಗೆ ಬೇಸರವೆಂದರೆ ಕುಂದರನ್ ಹೆಸರು ನಮ್ಮ ಕರಾವಳಿಯಲ್ಲೇ ಮಾಸಿಹೋದದ್ದು. 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ದಿನವೇ 170, ಮರುದಿನ 192ಕ್ಕೆ ಔಟ್. ಭಾರತದ ವಿಕೆಟ್ ಕೀಪರ್ ಒಬ್ಬ ಅದನ್ನು ದಾಟಲು 2013ರಲ್ಲಿ ಧೋನಿಯೇ ಬರಬೇಕಾಯಿತು. ಆ ಸರಣಿಯಲ್ಲಿ 525 ರನ್ ಹೊಡೆದವನಿಗೆ ಸಿಕ್ಕಿದ್ದು ಒಟ್ಟು 18 ಟೆಸ್ಟ್. ಕೊನೆಯದರಲ್ಲಿ, 1967ರ ಎಜ್‌ಬಾಸ್ಟನ್‌ನಲ್ಲಿ, ಅವನ ಕೈಗೆ ಹೊಸ ಚೆಂಡು ಕೊಟ್ಟು ಬೌಲಿಂಗ್ ಶುರು ಮಾಡಿಸಿದರು! ತಂಡದ ಮುಖ್ಯ ಬೌಲರ್‌ಗಳೆಲ್ಲ ಸ್ಪಿನ್ನರ್‌ಗಳು. ಆಮೇಲೆ ಸ್ಕಾಟ್ಲೆಂಡಿಗೆ ಹೋಗಿ ನೆಲೆಸಿದ, 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡ.

ರಾಹುಲ್ ವಿಷಯದಲ್ಲಿ ಜಗಳ ಇನ್ನೂ ಮುಗಿದಿಲ್ಲ. 2023ರ ಡಿಸೆಂಬರ್‌ನಲ್ಲಿ ಸೆಂಚುರಿಯನ್‌ನಲ್ಲಿ 101 ಹೊಡೆದ, ಶತಕ ಮುಟ್ಟಿದ್ದು ಸಿಕ್ಸರ್‌ನಿಂದ. ತಂಡ ಇನಿಂಗ್ಸ್ ಸೋಲು ಕಂಡಿತು. ಚಾದಂಗಡಿಯ ಬೆಂಚಿನಲ್ಲಿ ಒಬ್ಬರು, "ಸೋತ ಮ್ಯಾಚಿನ ಸೆಂಚುರಿ ಎಂತ ಮಾರಾಯ್ರೆ?" ಎಂದರು. ಎದುರು ಕೂತವರು ಮೊಬೈಲಿನಲ್ಲಿ ಸ್ಕೋರ್‌ಕಾರ್ಡ್ ತೆಗೆದು ಮೂಗಿನ ಹತ್ತಿರ ಹಿಡಿದರು. "ಓದಿ ನೋಡಿ. ಟೋಟಲ್ 245. ಇವನನ್ನು ಬಿಟ್ಟರೆ ದೊಡ್ಡದು ಕೊಹ್ಲಿಯದ್ದು, 38."