ಹಳೆಯ ಕಂಬ, ಹೊಸ ಮನೆ

ಕಳೆದ ಶ್ರಾವಣ ಮಾಸದಲ್ಲಿ ಪ್ರವಚನದ ನಿಮಿತ್ತ ಬಾಗಲಕೋಟೆ ಜಿಲ್ಲೆಯ ಒಂದು ಊರಿನಲ್ಲಿ ಹದಿನೈದು ದಿನ ತಂಗಬೇಕಾಯಿತು. ಪ್ರವಚನ ಸಂಜೆಗೆ, ಹಗಲೆಲ್ಲ ಬಿಡುವು. ಒಂದು ಮುಂಜಾನೆ ನಿವೃತ್ತ ಶಿಕ್ಷಕರಾದ ಭಕ್ತರೊಬ್ಬರು ಬಂದು, "ಗುರುಗಳ, ನಮ್ಮ ಹೊಲದಾಗಿನ ಮನೀಗೆ ಒಮ್ಮೆ ಬರಬೇಕ್ರಿ, ಅಲ್ಲೇ ಪ್ರಸಾದ ಆಗ್ಲಿ" ಎಂದು ಕರೆದರು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನಕ್ಕು, "ಗುಜರಿ ಮನಿ ಅದ ನೋಡ್ರಿ ಅದು" ಎಂದರು. ಶಿಕ್ಷಕರೂ ನಕ್ಕರು. ಊರವರು ಆ ಮನೆಗೆ ಇಟ್ಟ ಹೆಸರೇ ಅದೆಂದು ಆಮೇಲೆ ತಿಳಿಯಿತು.

ಊರಿನಿಂದ ಎರಡು ಮೈಲಿ ದೂರ. ಸುತ್ತಲೂ ಎರೆಹೊಲ, ನಡುವೆ ಒಂದು ಗರಸಿನ ದಿಬ್ಬ, ಅದರ ಮೇಲೆ ಮನೆ. ಆ ಸ್ಥಳವನ್ನು ಸುಮ್ಮನೆ ಆರಿಸಿದ್ದಲ್ಲ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಗೋಡೆ ಎಷ್ಟೇ ಗಟ್ಟಿಯಾಗಿರಲಿ, ನಾಲ್ಕು ಮಳೆಗಾಲದಲ್ಲಿ ಸೀಳುತ್ತದೆ. ಅಂಥ ನೆಲದಲ್ಲಿ ಗಟ್ಟಿ ಪದರ ಸಿಗುವವರೆಗೆ ಅಗೆದು ಪಾಯ ಹಾಕಬೇಕು. ಗರಸು ಮೇಲೆಯೇ ಇರುವ ಕಡೆ ಮನೆ ಕಟ್ಟಿ, ಬೆಳೆ ಬರುವ ಎರೆಯನ್ನು ಬಿತ್ತನೆಗೆ ಬಿಟ್ಟರೆ ಎರಡೂ ಉಳಿದವು. ಹಳಬರೂ ಇದನ್ನೇ ಮಾಡುತ್ತಿದ್ದರು. ಇಂದು ರಸ್ತೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಎರೆಯ ಮೇಲೆ ಮನೆ ಕಟ್ಟುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ.

ಹೊಸ್ತಿಲು ದಾಟಿದೊಡನೆ ಪಡಸಾಲೆ. ಅಲ್ಲಿ ಆರು ಸಾಗವಾನಿ ಕಂಬಗಳು, ಮೇಲೆ ಕೆತ್ತನೆಯ ಬೋದಿಗೆಗಳು. ಕಂಬ ಒಂದೊಂದು ಒಂದೊಂದು ದಪ್ಪ; ಎತ್ತರ ಸಾಲದ ಎರಡಕ್ಕೆ ಕಲ್ಲಿನ ಅಡಿಪೀಠ ಕೊಟ್ಟು ಸಮ ಮಾಡಿದ್ದಾರೆ. "ಇವು ಎಲ್ಲಿಯವು?" ಎಂದು ಕೇಳಿದೆವು.

"ಮುಳುಗಡಿ ಊರಿನವ್ರಿ. ಕಟ್ಟಿಗಿ ವ್ಯಾಪಾರಸ್ಥರ ಅಡ್ಡೇದಾಗ ಸಿಕ್ಕವು. ಯಾವ ಊರು, ಯಾರ ಮನಿ, ಅವರಿಗೂ ಗೊತ್ತಿದ್ದಿಲ್ಲ."

ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ ಜನ್ಮಸ್ಥಳವೂ ಕೃಷ್ಣೆಯ ದಂಡೆಯ ಒಂದು ಮುಳುಗಡೆ ಗ್ರಾಮವೇ. ಹತ್ತನೆಯ ವರ್ಷಕ್ಕೆ ಮಠ ಸೇರಿ, ಅಲ್ಲಿಯ ಪಾಠಶಾಲೆಯಲ್ಲಿ ಸಂಸ್ಕೃತ, ವಚನಶಾಸ್ತ್ರಗಳನ್ನು ಓದಿ, ಅಲ್ಲಿಯೇ ಕಲಿಸುತ್ತ ಉಳಿದವರು ನಾವು. ಆಲಮಟ್ಟಿಯಲ್ಲಿ 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಹೇಳಿದ ಮೇಲೆ ಊರು ಬಿಡುವ ದಿನಗಳು ಬಂದವು. ಜನ ತಮ್ಮ ಮನೆಯನ್ನು ತಾವೇ ಬಿಚ್ಚಿದರು. ಬಾಗಿಲವಾಡ, ಜಂತಿ, ತೊಲೆ, ಫರಸಿ ಎಲ್ಲವೂ ಟ್ರ್ಯಾಕ್ಟರ್ ಏರಿದವು. ಆಗ ನಮ್ಮ ತಮ್ಮ ಮಠಕ್ಕೆ ಬಂದು, "ಅಣ್ಣಾ, ಪಡಸಾಲಿ ಕಂಬ ಏನ್ ಮಾಡೋಣ? ಹೊಸಾ ಮನ್ಯಾಗ ಹಚ್ಚಾಕ ಬರ್ತಾವೇನು?" ಎಂದು ಕೇಳಿದ. ಮಠ ಸೇರಿದವನಿಗೆ ಮನೆಯೆಲ್ಲಿಯದು, ಕಂಬವೆಲ್ಲಿಯದು, ನಿನಗೆ ತಿಳಿದಂತೆ ಮಾಡು ಎಂದುಬಿಟ್ಟೆವು. ಆ ಉತ್ತರದಲ್ಲಿ ವೈರಾಗ್ಯವೆಷ್ಟಿತ್ತೋ, ವೈರಾಗ್ಯದ ಹಮ್ಮೂ ಅಷ್ಟೇ ಇತ್ತು. ಅವನು ಮಾರಿದ. ಪುನರ್ವಸತಿ ಕೇಂದ್ರದಲ್ಲಿ ಸಿಮೆಂಟಿನ ಮನೆ ಎದ್ದಿತು. ನಾವು ಒಮ್ಮೆ ಹೋದಾಗ ನಮ್ಮ ಅವ್ವ ಗೋಡೆಗೆ ಒರಗಿ ಕುಳಿತು, "ಗ್ವಾಡಿ ಬೆನ್ನು ಸುಡತೈತೋ ತಮ್ಮಾ. ಒರಗಾಕ ಒಂದು ಕಂಬ ಇಲ್ಲ" ಎಂದಿದ್ದಳು. ಮುಂದೆ ಮೂರು ಬೇಸಿಗೆ ಬದುಕಿದಳು.

ಶಿಕ್ಷಕರು ನೀರು ತರಲು ಒಳಗೆ ಹೋದಾಗ ನಾವು ಆರೂ ಕಂಬಗಳನ್ನು ಸುತ್ತಿ ನೋಡಿದೆವು. ನಮ್ಮ ಮನೆಯ ಬಲಗಡೆಯ ಕಂಬದಲ್ಲಿ, ತೊಟ್ಟಿಲ ಹಗ್ಗ ಉಜ್ಜಿ ಬಿದ್ದ ಒಂದು ಗೀರು ಇತ್ತು. ಇಲ್ಲಿಯ ಯಾವ ಕಂಬದಲ್ಲಿಯೂ ಅದಿರಲಿಲ್ಲ. ಬೇರೆ ಗುರುತುಗಳಿದ್ದವು: ಒಂದರಲ್ಲಿ ಗೂಟದ ತೂತು, ಇನ್ನೊಂದರಲ್ಲಿ ಮಗುವಿನ ಎತ್ತರ ಅಳೆದು ಕೊರೆದ ನಾಲ್ಕು ಗೆರೆಗಳು. ಶಿಕ್ಷಕರು ಅವನ್ನು ಹೆರೆಯಿಸಿಲ್ಲ, ಬಣ್ಣ ಬಳಿಸಿಲ್ಲ. ಅಗಸೆ ಎಣ್ಣೆ ಮಾತ್ರ ಒರೆಸಿದ್ದಾರೆ.

ಗೋಡೆಗಳು ಮಣ್ಣಿನವು, ಆದರೆ ನಮ್ಮ ಅಜ್ಜಂದಿರ ಕಾಲದ ಮಣ್ಣಿನ ಗೋಡೆಗಳಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಆಸ್ತ್ರ' ವಿಭಾಗದವರು ಗ್ರಾಮಗಳಿಗೆ ಒಗ್ಗುವ ತಂತ್ರಜ್ಞಾನವನ್ನು ಹುಡುಕುತ್ತ, ಮಣ್ಣನ್ನು ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವ ಪದ್ಧತಿಯನ್ನು ಬೆಳೆಸಿದರು. ಕೆಂಪು ಮಣ್ಣಿಗೆ ಬೇಕಾದಷ್ಟು ಮರಳು ಬೆರೆಸಿ, ನೂರಕ್ಕೆ ಏಳೆಂಟು ಪಾಲು ಸಿಮೆಂಟು ಸೇರಿಸಿ, ಕೈಯಿಂದಲೇ ನಡೆಸುವ ಯಂತ್ರದಲ್ಲಿ ಒತ್ತುತ್ತಾರೆ. ಮೂರು ವಾರ ನೀರುಣಿಸಿದರೆ ಗಟ್ಟಿಯಾಗುತ್ತದೆ. ಭಟ್ಟಿ ಇಲ್ಲ, ಉರುವಲು ಇಲ್ಲ. ದಿಬ್ಬದ ಮಗ್ಗುಲಿನಲ್ಲಿ ಮಣ್ಣು ತೆಗೆದ ಗುಂಡಿಯೇ ಈಗ ಮಳೆನೀರಿನ ಹೊಂಡವಾಗಿದೆ. ನಾವು ಹೋದಾಗ ಅದರಲ್ಲಿ ಎಮ್ಮೆಯೊಂದು ನಮ್ಮನ್ನು ಲೆಕ್ಕಿಸದೆ ಮಲಗಿತ್ತು.

ಮಣ್ಣಿನ ಮನೆ ಎಂದರೆ ನಮಗೆ ಎರಡು ಭಯಗಳಿವೆ. ಅವು ಸುಳ್ಳು ಭಯಗಳಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಸುತ್ತ ಭೂಮಿ ನಡುಗಿದಾಗ ಸಾವಿರಾರು ಜನ ತಮ್ಮ ಮನೆಯ ಕೆಳಗೇ ಹೂತುಹೋದರು. ಗುಂಡುಕಲ್ಲಿನ ದಪ್ಪ ಗೋಡೆ, ನಡುವೆ ಹಿಡಿತವಿಲ್ಲದ ಮಣ್ಣು, ತಲೆಯ ಮೇಲೆ ವರ್ಷವರ್ಷವೂ ಸವಳು ಮಣ್ಣು ಹಾಕಿ ಹಾಕಿ ಭಾರವಾದ ಮೇಲ್ಮುದ್ದೆ. ಇವೇ ಅಲ್ಲಿ ಕೊಂದವು. 2019ರ ಆಗಸ್ಟಿನ ನೆರೆಯಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆಯರ ದಂಡೆಯ ಮಣ್ಣಿನ ಮನೆಗಳು ಬುಡದಲ್ಲಿ ನೀರು ನಿಂತು ಕರಗಿ ಕುಸಿದುದನ್ನು ನಾವೇ ಕಂಡಿದ್ದೇವೆ. ಶಿಕ್ಷಕರಿಗೆ ಇದನ್ನು ಹೇಳಿದೆವು. ಅವರು ಹೊರಗೆ ಕರೆದುಕೊಂಡು ಹೋಗಿ ಮೂರು ಅಡಿ ಎತ್ತರದ ಕಲ್ಲಿನ ಪಾಯವನ್ನು ತೋರಿಸಿದರು; ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಸೊಂಟಪಟ್ಟಿಯಂತೆ ಹಾಯಿಸಿದ ಕಾಂಕ್ರೀಟ್ ಪಟ್ಟಿಯನ್ನೂ ತೋರಿಸಿದರು. "ಹಳೇದಂದ್ರ ಎಲ್ಲಾ ಛಲೋ ಅಂತ ನಾ ಅನ್ನೂದಿಲ್ರಿ" ಎಂದರು. ಆ ಮಾತು ನಮಗೆ ಹಿಡಿಸಿತು.

ಮೇಲ್ಛಾವಣಿಯಲ್ಲಿ ಒಂದು ಯುಕ್ತಿ ಇದೆ. ಕಾಂಕ್ರೀಟಿನ ಚಪ್ಪಡಿಯಲ್ಲಿ ಭಾರವನ್ನು ಒತ್ತಿ ತಡೆಯುವುದು ಮೇಲಿನ ಪದರ; ಕೆಳಗೆ ಎಳೆತವನ್ನು ತಡೆಯುವುದು ಕಬ್ಬಿಣ. ಕೆಳಭಾಗದ, ಸರಳುಗಳ ನಡುವಿನ ಕಾಂಕ್ರೀಟು ಹೆಚ್ಚಿನಂಶ ಸುಮ್ಮನೆ ಜಾಗ ತುಂಬಿಕೊಂಡಿರುತ್ತದೆ. ಅಲ್ಲಿ ಹಳೆಯ ಹಂಚುಗಳನ್ನು ಜೋಡಿಸಿದರೆ ಸಿಮೆಂಟೂ ಉಳಿಯಿತು, ಭಾರವೂ ಇಳಿಯಿತು, ಬಿಸಿಲಿನ ತಾಪವೂ ಕಡಿಮೆಯಾಯಿತು. ತಿರುವನಂತಪುರದಲ್ಲಿ ನೆಲೆಸಿದ್ದ ಲಾರಿ ಬೇಕರ್ (1917-2007) ಇದನ್ನು ನಮ್ಮ ದೇಶದಲ್ಲಿ ಬಹಳವಾಗಿ ಬಳಕೆಗೆ ತಂದರು. ಮನೆ ಕಟ್ಟುವ ಸಾಮಗ್ರಿಯೆಲ್ಲ ಐದು ಮೈಲಿಯ ಒಳಗೇ ಸಿಗಬೇಕೆಂದು ಗಾಂಧೀಜಿ ತಮಗೆ ಹೇಳಿದ್ದರೆಂದು ಬೇಕರ್ ನೆನೆಯುತ್ತಿದ್ದರು. ಶಿಕ್ಷಕರು ಈ ಕಥೆಯನ್ನು ಹೇಳಿ ತಾವೇ ನಕ್ಕರು. ಅವರ ಹಂಚು ಮಂಗಳೂರಿನದು, ಹೊಸ ತಗಡು ಹೊದೆಸಿದ ಶಾಲೆಯೊಂದರಿಂದ ಇಳಿದದ್ದು. ನೆಲದ ಫರಸಿ ಶಹಾಬಾದದ್ದು. ಆದರೂ ಯಾವುದೂ ಹೊಸದಾಗಿ ಕಡಿದದ್ದಲ್ಲ, ಸುಟ್ಟದ್ದಲ್ಲ.

ಬಚ್ಚಲಿನ ನೆಲವೆಲ್ಲ ಅಂಗಡಿಯವರು ಎಸೆದ ಒಡೆದ ಟೈಲ್ಸಿನ ಚೂರುಗಳು. ಕಿಟಕಿಗೆ ಬಂಡಿಗಾಲಿಯ ಕಬ್ಬಿಣದ ಹಳಿಯನ್ನು ಬಗ್ಗಿಸಿ ಕೂಡಿಸಿದ್ದಾರೆ. ಈ ಭಾಗದಲ್ಲಿ ವರ್ಷಕ್ಕೆ 550ರಿಂದ 600 ಮಿಲಿಮೀಟರ್ ಮಳೆಯಷ್ಟೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್; ನೂರು ಚದರ ಮೀಟರ್ ಮಾಳಿಗೆಯಿಂದ, ಪೋಲಾಗುವುದನ್ನು ಕಳೆದರೂ, ನಲವತ್ತು ಸಾವಿರ ಲೀಟರ್ ದಕ್ಕುತ್ತದೆ. ಕುಡಿಯಲು, ಅಡುಗೆಗೆ ಆ ಕುಟುಂಬಕ್ಕೆ ಅಷ್ಟು ಸಾಕು.

ಎಲ್ಲವನ್ನೂ ಹೊಗಳಿದರೆ ನಮ್ಮ ಬರಹ ಸುಳ್ಳಾದೀತು. ಕೂಲಿಯಲ್ಲಿ ಉಳಿತಾಯವಿಲ್ಲ, ಬೋದಿಗೆಗಳನ್ನು ಕೂಡಿಸಬಲ್ಲ ಬಡಿಗನನ್ನು ಹುಡುಕಲು ಅವರು ಐದಾರು ತಿಂಗಳು ಅಲೆದರಂತೆ. ಗೆದ್ದಲಿನ ಕಾವಲು ನಿತ್ಯದ್ದು. ತಾಯಿಯವರ ದೂರು ಬೇರೆ. ಪ್ರಸಾದಕ್ಕೆ ಬಡಿಸುತ್ತ ಅವರು, "ಇವರು ಬೆಳಕಿಂಡಿ, ಕಟ್ಟಿಗಿ ಒಲಿ ಎಲ್ಲಾ ಹಳೇದ ಇರ್ಲಿ ಅಂದ್ರು ಗುರುಗಳ. ಹೊಗಿ ಕುಡದು ಸತ್ತಾಕಿ ನಮ್ಮತ್ತಿ. ನಾ ಒಪ್ಪಲಿಲ್ಲ" ಎಂದರು. ಹೀಗಾಗಿ ಅಡುಗೆಮನೆಗೆ ಗೋಬರ್ ಗ್ಯಾಸ್ ಬಂದಿತು, ಶೌಚಾಲಯ ಮನೆಗೆ ಹತ್ತಿಕೊಂಡೇ ಬಂದಿತು. ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು ಐವತ್ತು ಕಿಲೊ ಸೆಗಣಿ ಬೇಕು. ನಾಲ್ಕೈದು ದನ ಇದ್ದವರಿಗೆ ಮಾತ್ರ ಸಾಧ್ಯವಾಗುವ ಸೌಕರ್ಯ. ಮನೆ ಕಟ್ಟುವಾಗ ಗೃಹಿಣಿಯ ಮಾತು ಕೇಳದವರು ಎಂಥ ಸಾಮಗ್ರಿಯಿಂದ ಕಟ್ಟಿದರೇನು!

ಪ್ರಸಾದವಾದ ಮೇಲೆ ಕಂಬಕ್ಕೊರಗಿ ಕುಳಿತಾಗ ನಮ್ಮನ್ನು ಕಾಡುತ್ತಿದ್ದ ಒಂದು ಸಂಗತಿಯನ್ನು ಹೇಳಿಕೊಂಡೆವು. ನಾವು ಓದಿದ ಮಠದ ಹಳೆಯ ಪ್ರಸಾದ ನಿಲಯವನ್ನು ಕೆಡವಿ ಮೂರು ಅಂತಸ್ತಿನ ಕಟ್ಟಡ ಕಟ್ಟಲು ಸಮಿತಿಯು ನಿರ್ಣಯಿಸಿದೆ. ಹನ್ನೆರಡು ಕಂಬಗಳ ಆ ಪಡಸಾಲೆಯಲ್ಲಿಯೇ ನಾವು ಅಕ್ಷರ ತಿದ್ದಿದ್ದು. ಮಕ್ಕಳ ಸಂಖ್ಯೆ ಹೆಚ್ಚಿದೆ, ಸ್ಥಳ ಸಾಲದು, ನಿರ್ಣಯ ತಪ್ಪೆನ್ನಲಾಗದು. ಅದಕ್ಕೆ ನಮ್ಮ ರುಜುವೂ ಇದೆ. ಆದರೆ ಕಟ್ಟಿಗೆಯನ್ನು ಗುತ್ತಿಗೆದಾರನೇ ಒಯ್ಯಬೇಕೆಂಬ ಷರತ್ತನ್ನು ನಾವು ಓದದೆಯೇ ರುಜು ಹಾಕಿದ್ದೆವು.

ಶಿಕ್ಷಕರು ಬಹಳ ಹೊತ್ತು ಯೋಚಿಸಿ, "ಮೊದಲ ಕಂಬದ ಬುಡಾ ನೋಡಬೇಕ್ರಿ. ನೆಲದಾಗ ಹೂತ ಭಾಗ ಲಡ್ಡಾಗಿದ್ರ ಏನೂ ಉಪಯೋಗಿಲ್ಲ" ಎಂದರು.

ಮಠಕ್ಕೆ ಮರಳಿದ ದಿನವೇ ಪೂಜ್ಯರ ಸನ್ನಿಧಿಯಲ್ಲಿ ನಮ್ಮ ಅಜಾಗರೂಕತೆಯನ್ನು ಒಪ್ಪಿಕೊಂಡು, ಆ ಷರತ್ತನ್ನು ಬಿಡಿಸಬೇಕೆಂದು ಬಿನ್ನವಿಸಿಕೊಂಡೆವು. ಗುತ್ತಿಗೆದಾರ ಕಟ್ಟಿಗೆಯ ಬೆಲೆಯನ್ನು ಲೆಕ್ಕದಲ್ಲಿ ಮುರಿದುಕೊಂಡಾಗಿದೆ. ಅಷ್ಟು ಹಣವನ್ನು ಯಾರು ತುಂಬಬೇಕೆಂಬ ಪ್ರಶ್ನೆ ಎದ್ದಿದೆ. ನಮ್ಮ ಪಿಂಚಣಿಯಲ್ಲಿ ಉಳಿದುದನ್ನು ಕೊಡುತ್ತೇವೆಂದಿದ್ದೇವೆ. ಅದು ಅರ್ಧಕ್ಕೂ ಸಾಲದು. ಬರುವ ಸೋಮವಾರ ಶಿಕ್ಷಕರು ತಮ್ಮ ಬಡಿಗನೊಂದಿಗೆ ಬಂದು ಹನ್ನೆರಡೂ ಕಂಬಗಳ ಬುಡ ನೋಡಲಿದ್ದಾರೆ. ನಮ್ಮ ತಮ್ಮನಿಗೂ ಬರಲು ಹೇಳಿ ಕಳಿಸಿದ್ದೇವೆ.