ಪುನರುಕ್ತಿಯೂ ಪುನರ್ಭವವೂ: ಆದಿಪುರಾಣದ ಭವಾವಳಿ

ಬೃಹತ್ ಅದ್ಭುತಕಥನಗಳ ಮೇಲೆ ವಿಮರ್ಶಕರು ಹೊರಿಸುವ ಸಾಮಾನ್ಯ ಆಕ್ಷೇಪ ಪುನರುಕ್ತಿ. ಅದೇ ಭವಿಷ್ಯವಾಣಿ, ಅದೇ ಮರಳಿ ಹುಟ್ಟುವ ವೀರ, ಅದೇ ಗುರುತಿನ ವಸ್ತು. ರಾಬರ್ಟ್ ಜೋರ್ಡನ್ 1990ರಲ್ಲಿ ಆರಂಭಿಸಿ, ಆತನ ಮರಣಾನಂತರ ಬ್ರ್ಯಾಂಡನ್ ಸ್ಯಾಂಡರ್ಸನ್ 2013ರಲ್ಲಿ ಮುಗಿಸಿದ ‘ದ ವ್ಹೀಲ್ ಆಫ್ ಟೈಮ್’ ಮಾಲೆಯ 14 ಸಂಪುಟಗಳಲ್ಲಿ ಮೊದಲ ಅಧ್ಯಾಯ ತೆರೆಯುವುದು ಕಾಲಚಕ್ರದ ಪರಿಭ್ರಮಣವನ್ನು ಹೇಳುವ, ಬಹುಮಟ್ಟಿಗೆ ಒಂದೇ ಆದ ಮಾತುಗಳಿಂದ. ಮುಖ್ಯವಾಗಿ ಬದಲಾಗುವುದು ಗಾಳಿ ಎದ್ದ ಸ್ಥಳ. ಕನ್ನಡದಲ್ಲಿ ಇಂಥದೇ ದೂರನ್ನು ಹೊತ್ತಿರುವುದು ಕ್ರಿ.ಶ. 941ರಲ್ಲಿ ಪಂಪನು ರಚಿಸಿದ ಆದಿಪುರಾಣದ ಭವಾವಳಿ.

ಜಯವರ್ಮ, ಮಹಾಬಲ, ಲಲಿತಾಂಗ, ವಜ್ರಜಂಘ, ಭೋಗಭೂಮಿಯ ಆರ್ಯ, ಶ್ರೀಧರದೇವ, ಸುವಿಧಿ, ಅಚ್ಯುತೇಂದ್ರ, ವಜ್ರನಾಭಿ, ಅಹಮಿಂದ್ರ: ಇಷ್ಟು ಜನ್ಮಗಳನ್ನು ದಾಟಿ ಒಂದೇ ಜೀವ ವೃಷಭನಾಥನಾಗುತ್ತದೆ. ಜಿನಸೇನರ ಸಂಸ್ಕೃತ ಪೂರ್ವಪುರಾಣದಿಂದ ಪಂಪನು ಈ ಸರಣಿಯನ್ನು ಪಡೆದನು. ಆಯ್ದ ಭಾಗಗಳನ್ನಷ್ಟೇ ಓದುವ ವಿದ್ಯಾರ್ಥಿಯು ಇದನ್ನು ಬಿಟ್ಟು ನೇರವಾಗಿ ನೀಲಾಂಜನೆಯ ನೃತ್ಯಕ್ಕೆ ಬರುವುದುಂಟು. ನಷ್ಟವಾಗುವುದು ಅಲ್ಲಿಯೇ.

ಭವಾವಳಿಯಲ್ಲಿ ಭೋಗ ಮರಳಿ ಮರಳಿ ಬರುತ್ತದೆ, ಅದರ ಅಂತ್ಯವೂ ಬರುತ್ತದೆ. ಆದರೆ ಅಂತ್ಯದ ರೂಪ ಒಂದೇ ಅಲ್ಲ. ಸ್ವರ್ಗದಲ್ಲಿ ಲಲಿತಾಂಗನಿಗೆ ಮರಣವನ್ನು ತಿಳಿಸುವುದು ಕೊರಳಲ್ಲಿ ಬಾಡಿದ ಮಾಲೆ. ಆತನೇ ವಜ್ರಜಂಘನಾಗಿ ಹುಟ್ಟಿದಾಗ, ಶಯ್ಯಾಗೃಹದ ಗವಾಕ್ಷಗಳು ಮುಚ್ಚಿದ್ದುದರಿಂದ ತುಂಬಿಕೊಂಡ ಸುಗಂಧಧೂಪದ ಹೊಗೆಯೇ ಆತನಿಗೂ ಶ್ರೀಮತಿಗೂ ಮೃತ್ಯುವಾಗುತ್ತದೆ. ಮೊದಲ ಸಲ ಭೋಗದ ವಸ್ತು ಸಾವನ್ನು ಸೂಚಿಸಿತು. ಎರಡನೆಯ ಸಲ ಅದೇ ಸಾವನ್ನು ತಂದಿತು. ಮೊದಲನೆಯದನ್ನು ಮರೆತವನಿಗೆ ಎರಡನೆಯದು ಬರಿಯ ಅವಘಡ.

ಮರಳಿ ಬರುವ ಇನ್ನೊಂದು ಆಶಯ ಜಾತಿಸ್ಮರಣೆ. ಆಕಾಶದಲ್ಲಿ ಬರುತ್ತಿದ್ದ ದೇವತೆಗಳನ್ನು ಕಂಡು ಶ್ರೀಮತಿಗೆ ಲಲಿತಾಂಗನ ನೆನಪಾಗಿ ಮೂರ್ಛೆ ಬರುತ್ತದೆ. ಆಕೆ ಬರೆದ ಚಿತ್ರಪಟವನ್ನು ನೋಡಿ ವಜ್ರಜಂಘನು ತನ್ನ ಹಿಂದಿನ ಭವವನ್ನು ಗುರುತಿಸುತ್ತಾನೆ. ಇಲ್ಲಿ ಸ್ಮರಣೆ ಮೋಹವನ್ನು ಮತ್ತೆ ಕೂಡಿಸುತ್ತದೆ. ಶ್ರೀಮತಿಯ ಜೀವವೇ ಮುಂದೆ ಹಸ್ತಿನಾಪುರದ ಶ್ರೇಯಾಂಸನಾಗುತ್ತದೆ. ಆಹಾರದಾನದ ವಿಧಿಯನ್ನು ಯಾರೂ ಅರಿಯದ ಕಾಲದಲ್ಲಿ ವೃಷಭಮುನಿ ಬಂದಾಗ, ಹಿಂದೆ ವಜ್ರಜಂಘನೊಡನೆ ಚಾರಣಮುನಿಗಳಿಗೆ ಆಹಾರವಿತ್ತುದು ಶ್ರೇಯಾಂಸನ ನೆನಪಿಗೆ ಬಂದು, ಆತನು ಕಬ್ಬಿನ ರಸವನ್ನು ನೀಡುತ್ತಾನೆ. ಹಿಂದೆ ಪ್ರಿಯನನ್ನು ಹುಡುಕಿದ ನೆನಪು ಈಗ ದಾನದ ಮಾರ್ಗವನ್ನು ತೋರಿಸುತ್ತದೆ.

ಈ ಎರಡು ಸ್ಮರಣೆಗಳ ನಡುವೆ ಬರುವುದು ನೀಲಾಂಜನೆಯ ಪ್ರಸಂಗ. ನರ್ತಿಸುತ್ತಿದ್ದಂತೆಯೇ ಆಕೆಯ ಆಯುಷ್ಯ ತೀರುತ್ತದೆ. ರಸಭಂಗವಾಗದಂತೆ ಇಂದ್ರನು ಅವಳದೇ ರೂಪದ ಬೇರೊಬ್ಬಳನ್ನು ಆ ಸ್ಥಳದಲ್ಲಿ ನಿಲ್ಲಿಸುತ್ತಾನೆ. ಸಭೆಗೆ ನೃತ್ಯ ಅಖಂಡ. ಆದಿದೇವನೊಬ್ಬನಿಗೆ ಅದರ ಬಿರುಕು ಕಾಣುತ್ತದೆ. ಅವನ ವೈರಾಗ್ಯಕ್ಕೆ ಅಷ್ಟು ಸಾಕಾಗುತ್ತದೆ.

ಪುನರುಕ್ತಿಯನ್ನು ಕುರಿತು ಕಾವ್ಯವೇ ಕೊಡುವ ವ್ಯಾಖ್ಯಾನವಿದು. ಒಂದೇ ರೂಪವನ್ನು ಎರಡು ಸಲ ಕಂಡು ಭೇದವನ್ನು ಗ್ರಹಿಸದವನು ಸಭೆಯಲ್ಲಿ ಕುಳಿತವನು. ಭವಾವಳಿಯು ಓದುಗನಿಗೆ ಆ ಭೇದವನ್ನು ಗ್ರಹಿಸುವ ಅಭ್ಯಾಸವನ್ನು ಮಾಡಿಸುತ್ತದೆ. ಬಾಡಿದ ಮಾಲೆಯನ್ನೂ ಧೂಪದ ಹೊಗೆಯನ್ನೂ ದಾಟಿ ಬಂದವನಿಗೆ ನೀಲಾಂಜನೆಯ ಕಣ್ಮರೆ ಆಕಸ್ಮಿಕವಲ್ಲ, ಬಹುಕಾಲದಿಂದ ಬರುತ್ತಿದ್ದ ಅರಿವು. ಆದುದರಿಂದ ಅದ್ಭುತಕಥನವೊಂದರಲ್ಲಿ ಅದೇ ಆಶಯ ಮತ್ತೆ ಬಂದಾಗ ಕೇಳಬೇಕಾದುದು ಅದು ಎಷ್ಟು ಸಲ ಬಂತೆಂಬುದನ್ನಲ್ಲ, ಈ ಸಲ ಏನನ್ನು ಬದಲಿಸಿತೆಂಬುದನ್ನು.